ಉಪ್ಪಿನಕಾಯಿ ಬಾಟಲಿ

ಹೊಳಲ್ಕೆರೆ ದಾರಿಯಲ್ಲಿ, ಗಾಳಿಯಂತ್ರಗಳು ಸಾಲಾಗಿ ನಿಂತು
ಆಕಾಶ ಕಡೆಯುವ ಗುಡ್ಡದ ಮಗ್ಗುಲಿಗೆ
ಕ್ವಾರಿ ರುದ್ರಮುನಿಯಪ್ಪ ಹಳ್ಳಕ್ಕೆ ಅಡ್ಡ ಏರಿ ಹಾಕಿ
ನಾಲ್ಕು ಹಂಸ ತೇಲಿಬಿಟ್ಟಿದ್ದಾನೆ.
ಫೈಬರಿನವು. ಪೆಡಲು ತುಳಿದರೆ ಕತ್ತು ಅಲ್ಲಾಡುತ್ತದೆ.

ನಾನು ಹೋದದ್ದು ಭಾನುವಾರ, ತಂಗಿಯ ಮಗಳ ಹುಟ್ಟುಹಬ್ಬಕ್ಕೆ.
ಸಣ್ಣ ನೀರಾವರಿಯ ಗುರುತಿನ ಚೀಟಿ ಮನೆಯಲ್ಲೇ ಇತ್ತು.
ಕಣ್ಣನ್ನು ಮಾತ್ರ ಬಿಟ್ಟುಬರಲಾಗಲಿಲ್ಲ.

ಎಲ್ಲರೂ ಕೇಕು ನೋಡುವಾಗ ನಾನು ಕೋಡಿ ನೋಡಿದೆ.
ಕೋಡಿಯ ಮೇಲೆ ಎರಡು ಸಾಲು ಸಿಮೆಂಟು ಬ್ಲಾಕು,
ಮಾರ್ಚಿಯವರೆಗೂ ಹಂಸಗಳ ಹೊಟ್ಟೆ ನೆಲ ಮುಟ್ಟದಿರಲಿ ಅಂತ.
ಮೀನು ಓಡಿಹೋಗದಿರಲಿ ಅಂತ ಅದಕ್ಕೊಂದು ಬಲೆ.
ಬಲೆಗೆ ಸಿಕ್ಕಿದ್ದು ತರಗು, ಚಿಪ್ಸಿನ ಕವರು, ಒಂದು ಚಪ್ಪಲಿ.
ಏರಿಯ ನೆತ್ತಿ ಸೀಳಿ ಬಣ್ಣದ ದೀಪಕ್ಕೆ ವೈರು ಹೂತಿದ್ದರು.
ಹೊರಮೈಯ ಬುಡದಲ್ಲಿ, ಎಡಕ್ಕೆ,
ಯಾರ ಅಪ್ಪಣೆಯೂ ಕೇಳದೆ ಬೆಳೆದ ಆಪು.

ಆಪಿನ ಪಕ್ಕ ಕುಕ್ಕರುಗಾಲಲ್ಲಿ ಒಬ್ಬ ಮುದುಕ,
ಉಪ್ಪಿನಕಾಯಿ ಬಾಟಲಿಯನ್ನು ನೆಲಕ್ಕೆ ಓರೆ ಹಿಡಿದು
ಎಣಿಸುತ್ತಿದ್ದ. ಅರವತ್ತೊಂದು. ಅರವತ್ತೆರಡು.
"ಮಾತಾಡಿಸಬ್ಯಾಡ, ಲೆಕ್ಕ ತಪ್ತೈತೆ."
ಅರವತ್ತೇಳಕ್ಕೆ ಬಾಟಲಿ ತುಂಬಿತು.

ಹೆಸರು ಪಾಲಯ್ಯ. ಕಾವಲಿಗೆ ಇಟ್ಟುಕೊಂಡದ್ದು,
ಮಕ್ಕಳು ನೀರಿಗಿಳಿಯದಂತೆ ಪೀಪಿ ಊದಲು.
"ನಾವು ನೀರುಗಂಟಿ ಮನೆತನದೋರು ಕಣಮ್ಮ.
ನಮ್ಮಜ್ಜಗೆ ಸುಗ್ಗೀಲಿ ಕಾಳು ಅಳೀತಿದ್ರು,
ನಂಗೆ ಫೋನಿಗೆ ಬೀಳ್ತೈತೆ.
ಯುಗಾದಿಗೆ ಇನ್ನೂರ ಹತ್ತು ಎಣಿಸಿದ್ರೆ ತುಂಬ್ತಿತ್ತು.
ತಿಳಿ ಬಂದ್ರೆ ಏರಿ ಬೆವರ್ತೈತೆ ಅಂತ ಸುಮ್ಕಿರಬೋದು.
ಕೆಂಪು ಬಂದ್ರೆ ಏರೀನೇ ಎದ್ದು ಹೊಂಟೈತೆ ಅಂತ."

ಪಂಪುಮನೆಯ ಕಿಟಕಿಯಲ್ಲಿ ಹನ್ನೊಂದು ಬಾಟಲಿ,
ತಿಂಗಳಿಗೊಂದು.
ಮೊದಲಿನವು ಗಾಜಿನಷ್ಟೇ ಖಾಲಿ.
ಆಮೇಲಿನವುಗಳ ತಳದಲ್ಲಿ ಉಗುರಿನಂಚಿನಷ್ಟು ಮಣ್ಣು,
ಆಮೇಲೆ ಉಗುರಿನಷ್ಟು,
ಕೊನೆಯದರಲ್ಲಿ ಹೆಬ್ಬೆರಳ ಗೆಣ್ಣು.

ಹಳ್ಳದ ಕೆಳಗೆ ಇಟ್ಟಿಗೆ ಗೂಡು, ಎಂಟು ತಗಡಿನ ಮನೆ,
ಗೋಡೆಯ ಮೇಲೆ ನೀಲಿ ಆನೆ ಬರೆದ ಅಂಗನವಾಡಿ.

ರುದ್ರಮುನಿಯಪ್ಪ ಒಳ್ಳೆಯವನು. ಕೂರಿಸಿ ಕಾಫಿ ತರಿಸಿದ.
"ಇದೇನ್ ಕೆರೆನಾ ಮೇಡಂ? ಈಜುಕೊಳದ ಅಣ್ಣ ಅಷ್ಟೇ.
ನಾನೇ ಕಟ್ಟಿಸಿದ್ದು, ನಂದೇ ಮಣ್ಣು, ನಂದೇ ಜೇಸಿಬಿ."
ನಿಮ್ಮದೇ ಸರಿ ರುದ್ರಮುನಿಯಪ್ಪನವರೇ,
ನೀರು ನಿಮ್ಮದಾಗಿರುವುದು ಏರಿಯ ಈಚೆ ಇರುವವರೆಗೆ.
ಇದನ್ನು ನಾನು ಹೇಳಲಿಲ್ಲ. ಕಾಫಿ ಚೆನ್ನಾಗಿತ್ತು.
ಬ್ಲಾಕು ತೆಗೆಸಿ ಅಂದೆ. ದಸರಾ ರಜೆ ಮುಗಿಯಲಿ ಅಂದ.

ಸೋಮವಾರ ಬರೆದೆ. ಫೋಟೊ ಲಗತ್ತಿಸಿದೆ.
ಗುರುವಾರ ಕಡತ ವಾಪಸು ಬಂತು:
ಎತ್ತರ ಹದಿನಾಲ್ಕು ಅಡಿ. ಖಾಸಗಿ. ಯಾವ ಪಟ್ಟಿಯಲ್ಲೂ ಇಲ್ಲ.
ವ್ಯಾಪ್ತಿಗೆ ಬರುವುದಿಲ್ಲ.
ನಮ್ಮ ಕಾನೂನು ತಲೆಯೆತ್ತಿ ನೋಡುತ್ತದೆ,
ಹದಿನಾಲ್ಕು ಅಡಿಗೆ ಬಗ್ಗಬೇಕು.

ಚಿತ್ತೆ ಮಳೆಯ ಎರಡನೆಯ ರಾತ್ರಿ, ಮೂರು ಗಂಟೆಗೆ ಫೋನು.
ಹಿಂದೆ ನೀರಿನ ಸದ್ದು. ಎದೆ ಧಸಕ್ಕೆಂದಿತು.
"ಮೇಡಮ್ಮ, ಕೋಡಿ ಮ್ಯಾಲಿನ ಬ್ಲಾಕೆಲ್ಲ ಬಿದ್ದೋಗ್ಯಾವೆ.
ಬಲೇನೂ ಹರಿದೈತೆ.
ಯಾರು ಕಿತ್ತರೋ, ಕತ್ತಲು, ಕಾಣಲಿಲ್ಲ."
ಏದುಸಿರು. ಹಾರೆ ಕಲ್ಲಿಗೆ ಒರಗಿಸಿದಂಥ ಟಣ್ ಶಬ್ದ.
"ಹುಷಾರು" ಅಂದೆ. ಬೇರೆ ಏನನ್ನಬೇಕಿತ್ತೋ.

ಈಗ ಹಂಸಗಳು ಕೆಸರಿನಲ್ಲಿ ಒಂದು ಕಡೆಗೆ ವಾಲಿ ಕೂತಿವೆಯಂತೆ.
ಪಾಲಯ್ಯನ ಫೋನಿಗೆ ಸಂಬಳ ಬೀಳುತ್ತಿಲ್ಲವಂತೆ.
ಆದರೂ ಬೆಳಗ್ಗೆ ಬೇಲಿ ನುಸಿದು ಹೋಗಿ ಎಣಿಸುತ್ತಾನಂತೆ.

ಹನ್ನೆರಡನೆಯ ಬಾಟಲಿ ನನ್ನ ಮೇಜಿನ ಮೇಲಿದೆ.
ವರದಿಯಲ್ಲಿ ಅದಕ್ಕೆ ಕಲಮಿಲ್ಲ.
ಯಾರೋ ಜವಾನರು ಒಂದು ದಿನ
ಹೂ ಇಡಲಿಕ್ಕೆ ತೊಳೆಯಹೋಗಿದ್ದರು,
ಕಿರುಚಿಬಿಟ್ಟೆ.
ಲಾರಿ ಹೋದಾಗ ಮೇಜು ನಡುಗುತ್ತದೆ,
ತಳದ ಕೆಂಪು ಒಮ್ಮೆ ಮೇಲೆದ್ದು
ಮತ್ತೆ ಕೂರುತ್ತದೆ.
ಎಷ್ಟು ಹೊತ್ತಿಗೆ ಕೂರುತ್ತದೆ ಅಂತ ಎಣಿಸುತ್ತೇನೆ.